ಹಾಡಿಗಾಗಿಯೋ, ಹೆಸರಿಗಾಗಿಯೋ?

ಒಳ್ಳೇ ಹಾಡೊಂದನ್ನು ಕೇಳಿದ ಮನುಷ್ಯನು ಅದನ್ನು ತನ್ನೊಳಗೆ ಮುಚ್ಚಿಟ್ಟುಕೊಂಡು ಸುಮ್ಮನಿರಲಾರನು. ಸಿಹಿನೀರಿನ ಬಾವಿಯನ್ನು ಕಂಡವನು ಊರೊಳಕ್ಕೆ ಬಂದು ಹೇಳದೆ ಇರುವದುಂಟೇ? ಹೊಲದಿಂದ ಬರುವಾಗ ದಾರಿಯಲ್ಲಿ ಸಿಕ್ಕಿದವನನ್ನು ನಿಲ್ಲಿಸಿ, “ಇಂಥಾ ಹಾಡು ಕೇಳಿದೆಯಾ?” ಎಂದು ವಿಚಾರಿಸಿ, ಬಾರದ ಕಂಠದಲ್ಲಿಯಾದರೂ ಎರಡು ಸಾಲು ಗುನುಗಿ ತೋರಿಸಿದ ಮೇಲೆಯೇ ಮುಂದಕ್ಕೆ ಹೆಜ್ಜೆ ಇಡುತ್ತಾನೆ. ಈಗಲಾದರೋ ಕೈಗೊಂದು ಫೋನು ಬಂದಿರುವದರಿಂದ ನಮ್ಮ ಯೌವನಸ್ಥರು ದಾರಿಯಲ್ಲಿ ಯಾರನ್ನೂ ನಿಲ್ಲಿಸಬೇಕಾದದ್ದಿಲ್ಲ; ತಾವು ಈ ಹೊತ್ತು ಕೇಳುತ್ತಿರುವ ಹಾಡು ಇಂಥಾದ್ದೆಂದು ಅದರಲ್ಲಿಯೇ ನೂರು ಮಂದಿಗೆ ತೋರಿಸಿಬಿಡುತ್ತಾರೆ. ಹಿರಿಯರು ಇದನ್ನು ಕಂಡು ಗೊಣಗುತ್ತಾರೆ. ಹಾಡನ್ನು ಕೇಳುವದಾದರೆ ಕೇಳಲಿ, ಕೇಳುತ್ತೇನೆಂದು ಸಾರುವದೇತಕ್ಕೆ? ಎಂಬದು ಅವರ ಮಾತು.

ಈ ಮಾತನ್ನು ನಾವು ಹಗುರವಾಗಿ ತಳ್ಳಿಬಿಡಲಾರೆವು. ಒಬ್ಬನು ತಾನು ಮೆಚ್ಚಿದ ಹಾಡನ್ನು ಮತ್ತೊಬ್ಬನಿಗೆ ಹೇಳುವಾಗ ಏನು ಮಾಡುತ್ತಾನೆ? ಕೊಡುತ್ತಾನೋ, ಇಲ್ಲವೆ ತನ್ನನ್ನು ತೋರಿಸಿಕೊಳ್ಳುತ್ತಾನೋ? ಬಾಯಿಂದ ಬರುವ ಮಾತು ಎರಡಕ್ಕೂ ಒಂದೇ. ಮನಸ್ಸಿನೊಳಗಣ ವ್ಯಾಪಾರ ಮಾತ್ರ ಬೇರೆ. ನಮ್ಮ ಊರಿನ ಹುಡುಗರನ್ನು ಮುಂದೆ ನಿಲ್ಲಿಸಿ ಇದನ್ನು ಪರೀಕ್ಷಿಸಿದರೆ ಯಾರಿಗಾದರೂ ನೋವಾದೀತು. ಆದಕಾರಣ ದೂರದ ಒಂದೂರಿನ ಸಂಗತಿಯನ್ನು ತೆಗೆದುಕೊಳ್ಳುವೆವು. ಆ ಊರು ಝುಮರಿ ತಿಲೈಯಾ. ಅದು ಈಗಿನ ಝಾರ್ಖಂಡ ಸೀಮೆಯ ಕೋಡರ್ಮಾ ಜಿಲ್ಲೆಯಲ್ಲಿರುವದು. 2000ನೇ ಇಸವಿಯ ವರೆಗೆ ಬಿಹಾರಕ್ಕೆ ಸೇರಿತ್ತು. ಆದರೆ ಆ ಊರಿಗೆ ಹೋಗುವ ಮುಂಚೆ ರೇಡಿಯೋದ ಕಥೆಯನ್ನು ಸ್ವಲ್ಪ ಹೇಳಬೇಕು. ಇಲ್ಲವಾದರೆ ಅಲ್ಲಿಯವರು ಮಾಡಿದ್ದು ಏನೆಂದು ತಿಳಿಯದು.

1952ರಲ್ಲಿ ಭಾರತ ಸರಕಾರದ ವಾರ್ತಾ ಮತ್ತು ಪ್ರಸಾರ ಖಾತೆಯು ಬಿ. ವಿ. ಕೇಸ್ಕರ್ ಎಂಬ ಮಂತ್ರಿಗಳ ವಶಕ್ಕೆ ಬಂತು. ಇವರು ಶಾಸ್ತ್ರೀಯ ಸಂಗೀತವನ್ನು ಬಹಳವಾಗಿ ಪ್ರೀತಿಸಿದವರು. ಸಿನೇಮಾ ಹಾಡುಗಳಾದರೋ ಜನರ ರುಚಿಯನ್ನು ಕೆಡಿಸುತ್ತವೆಂದು ಎಣಿಸಿ, ರೇಡಿಯೋದಲ್ಲಿ ಅವುಗಳ ಪಾಲನ್ನು ಕಡಿಮೆ ಮಾಡಿಸಿದರು. ಹಾಡನ್ನು ಹಾಕುವಾಗ ಹಾಡಿದವರ ಹೆಸರನ್ನು ಹೇಳಬಹುದು, ಸಿನೇಮಾದ ಹೆಸರನ್ನು ಹೇಳಿದರೆ ಅದು ಜಾಹೀರಾತು ಆಗುವದೆಂದು ಕಟ್ಟು ಮಾಡಿದರು. ಚಿತ್ರಗಳನ್ನು ತಯಾರಿಸುವವರು ಇದಕ್ಕೆ ಸಿಟ್ಟಾಗಿ ತಮ್ಮ ಹಾಡುಗಳನ್ನು ಹಾಕುವ ಅಪ್ಪಣೆಯನ್ನೇ ಹಿಂತೆಗೆದುಕೊಂಡರು. ವಾಚಕರು ಇಲ್ಲಿ ಒಂದನ್ನು ಗಮನಿಸಬೇಕು: ಆ ಜಗಳವೂ ಹೆಸರಿನ ವಿಷಯವೇ ಆಗಿತ್ತು. ಹೆಸರಿಗಾಗಿ ದೊಡ್ಡವರು ಕಚ್ಚಾಡಿದರು; ಹಾಡು ತಪ್ಪಿದ್ದು ಬಡವರಿಗೆ.

ಆಗ ಜನರು ರೇಡಿಯೋದ ಮುಳ್ಳನ್ನು ಸಿಂಹಳ ದ್ವೀಪದ ಕಡೆಗೆ ತಿರುಗಿಸಿದರು. ಕೊಲಂಬೋದಲ್ಲಿದ್ದ ರೇಡಿಯೋ ಸಿಲೋನಿಗೆ ಯುದ್ಧದ ಕಾಲದಲ್ಲಿ ಸೈನ್ಯದವರು ಉಪಯೋಗಿಸಿದ ಬಲವಾದ ಪ್ರಸಾರಯಂತ್ರವು ದೊರೆತಿದ್ದದರಿಂದ ಅದರ ಧ್ವನಿಯು ಸಮುದ್ರವನ್ನು ದಾಟಿ ಹಿಂದುಸ್ಥಾನದ ಮೂಲೆಮೂಲೆಗೂ ಮುಟ್ಟುತ್ತಿತ್ತು. 1952ರ ಡಿಸೆಂಬರದಲ್ಲಿ ಅಲ್ಲಿ ಬಿನಾಕಾ ಗೀತಮಾಲಾ ಎಂಬ ಕಾರ್ಯಕ್ರಮವು ಆರಂಭವಾಯಿತು. ಬಿನಾಕಾ ಎಂಬದು ಹಲ್ಲುಜ್ಜುವ ಪೇಸ್ಟಿನ ಹೆಸರು. ಅಮೀನ್ ಸಯಾನಿಯವರು ಮುಂಬೈಯಲ್ಲಿ ಮಾತಾಡಿ ಟೇಪಿನಲ್ಲಿ ಹಿಡಿಸಿದ್ದನ್ನು ಕೊಲಂಬೋಗೆ ಕಳುಹಿಸುತ್ತಿದ್ದರು. ಅಲ್ಲಿಂದ ಅದು ಬುಧವಾರ ಸಂಜೆ ನಮ್ಮ ದೇಶಕ್ಕೇ ತಿರುಗಿ ಬರುತ್ತಿತ್ತು. ಮನೆಯ ಹಾಡು ಪರದೇಶಕ್ಕೆ ಹೋಗಿ ಮನೆಗೆ ಬಂದ ಹಾಗಾಯಿತು. ಯಾವ ಹಾಡು ಮುಂದೆ, ಯಾವದು ಹಿಂದೆ ಎಂಬದನ್ನು ತಟ್ಟೆಗಳ ಮಾರಾಟದಿಂದಲೂ ಊರೂರಲ್ಲಿ ಹುಟ್ಟಿದ ಶ್ರೋತೃಗಳ ಸಂಘಗಳು ಬರೆದು ತಿಳಿಸುವದರಿಂದಲೂ ಗೊತ್ತುಮಾಡುತ್ತಿದ್ದರು. ಐದು ವರುಷಗಳ ತರುವಾಯ, 1957ರ ಅಕ್ಟೋಬರ 3ರಂದು, ಅದೇ ಕೇಸ್ಕರ್ ಮಂತ್ರಿಗಳ ಕಾಲದಲ್ಲಿಯೇ, ಆಕಾಶವಾಣಿಯವರು ವಿವಿಧ ಭಾರತಿಯನ್ನು ತೆರೆದು ಸಿನೇಮಾ ಹಾಡುಗಳಿಗೆ ಬಾಗಿಲು ಬಿಟ್ಟರು. (ಆಕಾಶವಾಣಿ ಎಂಬದು ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ನಡಿಸಲಾರಂಭಿಸಿದ ಸಣ್ಣ ನಿಲಯದ ಹೆಸರಾಗಿತ್ತೆಂಬದು ನಮ್ಮವರಿಗೆ ಸಂತೋಷದ ಸಂಗತಿ.)

ಇನ್ನು ನಮ್ಮ ಊರಿಗೆ ಬರೋಣ. ಝುಮರಿ ತಿಲೈಯಾದ ಸುತ್ತಲಿನ ನೆಲದಲ್ಲಿ ಅಭ್ರಕ, ಅಂದರೆ ನಮ್ಮ ಹಳ್ಳಿಗಳವರು ಕಾಗೆಬಂಗಾರ ಎನ್ನುವ ವಸ್ತು, ಹೇರಳವಾಗಿ ದೊರೆಯುತ್ತಿತ್ತು. ಗಣಿಯಲ್ಲಿ ಅಗಿಯುವವರು, ಹಾಳೆಹಾಳೆಯಾಗಿ ಸೀಳುವವರು, ಕೊಂಡು ಮಾರುವ ವ್ಯಾಪಾರಸ್ಥರು, ಇವರೇ ಅಲ್ಲಿಯ ಪ್ರಜೆ. ಆ ಕಾಲದ ರೇಡಿಯೋ ಪೆಟ್ಟಿಗೆಯೊಳಗಣ ಗಾಜಿನ ವಾಲ್ವುಗಳಲ್ಲಿಯೂ ಕಂಡೆನ್ಸರುಗಳಲ್ಲಿಯೂ ಅಭ್ರಕದ ತೆಳುವಾದ ಹಾಳೆಗಳನ್ನು ಸೇರಿಸುತ್ತಿದ್ದರು. ಯಾಕಂದರೆ ಅದು ಕಾವನ್ನು ತಾಳುವದು, ವಿದ್ಯುತ್ತನ್ನು ತನ್ನ ಮೂಲಕ ಹಾಯಗೊಡಿಸದು. ಹೀಗೆ ಊರವರು ನೆಲದಿಂದ ತೆಗೆದದ್ದು ರೇಡಿಯೋಗಳೊಳಗೆ ಹೋಗುವಂಥಾದ್ದು. ರೇಡಿಯೋದಿಂದ ಹೊರಟದ್ದು ಅವರ ಕಿವಿಗೆ ಬರುತ್ತಿತ್ತು.

ಆ ಊರಿನವರು ರೇಡಿಯೋ ಸಿಲೋನಿಗೂ ವಿವಿಧ ಭಾರತಿಗೂ ಕಾರ್ಡುಗಳನ್ನು ಬರೆಯತೊಡಗಿದರು. ಇಂಥಾ ಹಾಡನ್ನು ದಯಮಾಡಿ ಹಾಕಿರಿ, ಕೇಳಬಯಸುವವರು ಇಂಥಿಂಥವರು ಎಂಬದೇ ಅದರ ಒಕ್ಕಣೆ. ಹಿಂದಿಯವರು ಇದಕ್ಕೆ ಫರ್ಮಾಯಿಶ್ ಎನ್ನುತ್ತಾರೆ. ನಾವು ಕೋರಿಕೆ ಎನ್ನುತ್ತೇವೆ. ಹಾಡಿಗಿಂತ ಮುಂಚೆ ರೇಡಿಯೋದವರು ಕೋರಿದವರ ಹೆಸರುಗಳನ್ನು ಓದುತ್ತಿದ್ದರು. ಹೀಗೆ ವರುಷಗಟ್ಟಲೆ ಓದಲಾಗಿ, ಆ ಸಣ್ಣ ಊರಿನ ಹೆಸರು ದೇಶದಲ್ಲೆಲ್ಲಾ ಮನೆಮಾತಾಯಿತು. ಕಾಶ್ಮೀರದಿಂದ ಕನ್ಯಾಕುಮಾರಿಯ ವರೆಗೆ ಅದನ್ನು ನೋಡಿದವರು ಯಾರೂ ಇಲ್ಲದಿದ್ದರೂ ಕೇಳದವರಿಲ್ಲ. ಇಂಥಾ ಊರು ನಿಜವಾಗಿ ಇಲ್ಲವೇ ಇಲ್ಲ, ರೇಡಿಯೋದವರು ತಮಾಷೆಗಾಗಿ ಹುಟ್ಟಿಸಿದ ಹೆಸರು ಎಂದು ನಂಬಿದವರೂ ಇದ್ದರು.

ಈಗ ಹಿರಿಯರ ಆಕ್ಷೇಪಣೆಯನ್ನು ತರೋಣ. ಆಗಿನ ಗ್ರಾಮಾಫೋನು ತಟ್ಟೆಯ ಒಂದು ಮಗ್ಗುಲಿನಲ್ಲಿ ಸುಮಾರು 3 ನಿಮಿಷಗಳ ಹಾಡು ಹಿಡಿಯುತ್ತಿತ್ತು. ಅಷ್ಟಕ್ಕೆ ಹೆಸರುಗಳ ದೊಡ್ಡ ಸರಮಾಲೆ! ಇದಲ್ಲದೆ, ಕೋರುವವನು ಆ ಹಾಡನ್ನು ಮೊದಲೇ ಕೇಳಿದವನು. ಕೇಳದ ಹಾಡನ್ನು ಹೆಸರು ಹೇಳಿ ಕೋರುವದಾದರೂ ಹೇಗೆ? ನಾಳೆಯೋ ನಾಡದೋ ಅದು ತಾನಾಗಿಯೇ ತಿರುಗಿ ಬರುವಂಥಾದ್ದು. ಹೀಗಿರಲಾಗಿ ಕಾರ್ಡಿಗೆ ಕಾಸು ಹಾಕಿ ಬರೆದದ್ದು ಹಾಡಿಗಾಗಿ ಅಲ್ಲ, ತನ್ನ ಹೆಸರು ಗಾಳಿಯಲ್ಲಿ ಹಾರುವದನ್ನು ಕೇಳುವದಕ್ಕಾಗಿಯೇ ಎಂದು ಹೇಳಿದರೆ ತಪ್ಪೇನು?

ನಾವು ಬಹುಕಾಲ ಇದೇ ಅಭಿಪ್ರಾಯದಲ್ಲಿದ್ದೆವು. ಡಂಭಾಚಾರವು ಧರ್ಮಕಾರ್ಯದೊಳಕ್ಕೂ ನುಗ್ಗುವದನ್ನು ಕಂಡವರಿಗೆ ಅದು ಹಾಡಿನೊಳಗೆ ನುಗ್ಗಿತೆಂದರೆ ಆಶ್ಚರ್ಯವಿಲ್ಲ. ಆದರೆ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸಿದವು.

ಮೊದಲನೇದು, ಆ ಕಾರ್ಡುಗಳಲ್ಲಿ ಒಂಟಿ ಹೆಸರು ಬರುವದು ಅಪರೂಪ. ಅಣ್ಣತಮ್ಮಂದಿರು, ಗೆಳೆಯರು, ಅಂಗಡಿಯಲ್ಲಿ ಕೂಡಿ ಕೂತವರು, ಮನೆಯ ಮಕ್ಕಳು, ಹೀಗೆ ಕಟ್ಟುಕಟ್ಟಾಗಿ ಬರುತ್ತಿದ್ದವು. ಬರೆದವನು ಒಬ್ಬನೇ ಇರಬಹುದು. ತನ್ನ ಹೆಸರಿನ ಸಂಗಡ ನೆರೆಯವನ ಹೆಸರನ್ನೂ ಹಾಕಿದನು. ಹೆಸರಿನ ಆಶೆಯು ಕೇವಲ ತನ್ನದೇ ಆಗಿದ್ದರೆ ಹೀಗೆ ಮಾಡುತ್ತಿದ್ದನೋ? ಎರಡನೇದು, ಗಣಿಯ ಊರಿನ ಸಾಮಾನ್ಯನ ಹೆಸರನ್ನು ಜಗತ್ತಿನಲ್ಲಿ ಕರೆಯುವವರು ಯಾರಿದ್ದಾರೆ? ಕೂಲಿಯ ಪಟ್ಟಿಯಲ್ಲಿ ಕರೆದಾರು, ಸಾಲದ ಪುಸ್ತಕದಲ್ಲಿ ಬರೆದುಕೊಂಡಾರು. ಗೌರವದಿಂದ, ಇವರು ಈ ಹಾಡನ್ನು ಮೆಚ್ಚಿದವರು ಎಂದು ಹೇಳಿ ದೇಶದ ಮುಂದೆ ಕರೆಯುವದು ಬೇರೆ. ನಮ್ಮ ಹಳ್ಳಿಗಳಲ್ಲಿ ಕೆಲವರ ಪೂರ್ವಿಕರನ್ನು ಇಡೀ ಹೆಸರಿನಿಂದ ಕರೆದವರೇ ಇರಲಿಲ್ಲ. ಇದು ಏನೆಂದು ಓದುವವರಲ್ಲಿ ಅನೇಕರಿಗೆ ನಾವು ಬಿಡಿಸಿ ಹೇಳಬೇಕಾದದ್ದಿಲ್ಲ. ಅಂಥವನು ತನ್ನ ಹೆಸರನ್ನು ಕೇಳಿ ಹಿಗ್ಗಿದರೆ ಅದನ್ನು ಜಂಬವೆಂದು ತೀರ್ಪು ಮಾಡುವಷ್ಟು ಧೈರ್ಯ ನಮಗಿಲ್ಲ. ಹೆಸರು ಇದ್ದವರೇ ಹೆಸರಿನ ಆಶೆಯನ್ನು ಸುಲಭವಾಗಿ ಖಂಡಿಸುತ್ತಾರೆ.

ಇದಲ್ಲದೆ, ಬಲ್ಲ ಹಾಡನ್ನೇ ಏಕೆ ಕೋರಬೇಕೆಂಬ ಪ್ರಶ್ನೆಗೂ ಉತ್ತರವುಂಟು. ಒಬ್ಬನೇ ಕೂತು ಕೇಳುವದು ಒಂದು. ತಾನು ಕೇಳುವ ಗಳಿಗೆಯಲ್ಲಿಯೇ ಕಾಣದ ಸಾವಿರಾರು ಜನರು ಅದನ್ನೇ ಕೇಳುತ್ತಿದ್ದಾರೆಂದು ಬಲ್ಲವನಾಗಿ ಕೇಳುವದು ಇನ್ನೊಂದು. ನಮ್ಮ ಪ್ರಾರ್ಥನಾಕೂಟಗಳಲ್ಲಿ “ಯಾವ ಸಂಗೀತ ಹಾಡೋಣ?” ಎಂದು ಕೇಳಿದಾಗ, ಓದು ಬಾರದ ಮುದುಕಿಯೊಬ್ಬಳು ವಾರವಾರವೂ ಅದೇ ನಂಬರನ್ನು ಹೇಳುವದನ್ನೂ ಹುಡುಗರು ನಗುವದನ್ನೂ ನಾವು ಕಂಡಿದ್ದೇವೆ. ಮನೆಯಲ್ಲಿ ಒಲೆಯ ಮುಂದೆ ಅವಳು ಅದನ್ನು ದಿನಾಲು ಹಾಡಿಕೊಳ್ಳುವಳು. ಆದರೂ ಕೂಟದಲ್ಲಿ ಅದು ಬೇಕು.

ಹಾಗಾದರೆ ಹೇಳುವವನ ತಪ್ಪು ಎಲ್ಲಿ ಆರಂಭವಾಗುತ್ತದೆ? ಕೇಸ್ಕರ್ ಮಂತ್ರಿಗಳನ್ನು ಇನ್ನೊಂದು ಸಾರಿ ನೆನೆಯಬೇಕು. ಅವರೂ ತಾವು ಮೆಚ್ಚಿದ್ದನ್ನು ಇತರರಿಗೆ ಕೊಡಬಯಸಿದವರೇ. ಅವರ ಪ್ರೀತಿ ಸುಳ್ಳಲ್ಲ. 1952ರಲ್ಲಿ ಆರಂಭವಾದ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮದ ಮೂಲಕ ದೊಡ್ಡ ವಿದ್ವಾಂಸರ ಗಾಯನವು ಅರಮನೆಯ ಹೊರಗಿನವರಿಗೂ ಮುಟ್ಟಿತು. ಅದಕ್ಕಾಗಿ ಅವರಿಗೆ ನಾವು ಋಣಿಗಳು. ಆದರೆ ತನ್ನದನ್ನು ಕೊಡುವದರ ಸಂಗಡ ಅವನದನ್ನು ಕಸಕೊಳ್ಳುವದು ಬೇಕಾಗಿತ್ತೋ? ಊಟಕ್ಕೆ ಕರೆದವನು, ಬಂದವನ ಕೈಯಲ್ಲಿದ್ದ ರೊಟ್ಟಿಯನ್ನು ಮೊದಲು ಎಳೆದು ಬಿಸಾಡಿದರೆ ಆ ಊಟದ ರುಚಿ ಏನಾದೀತು? ನಾವು ಉಪದೇಶ ಮಾಡುವವರು ಈ ದೋಷದಿಂದ ಬಿಡುಗಡೆಯಾದವರಲ್ಲ. ಹುಡುಗನೊಬ್ಬನು ತಾನು ಕೇಳುವ ಹಾಡನ್ನು ಸಂತೋಷದಿಂದ ತಂದು ತೋರಿಸಿದಾಗ, ಅದನ್ನು ಪೂರಾ ಕೇಳದೆಯೇ ಇದಕ್ಕಿಂತ ಒಳ್ಳೇದನ್ನು ಕೇಳೆಂದು ಹೇಳಿಬಿಡುತ್ತೇವೆ. ಅವನು ಮತ್ತೊಮ್ಮೆ ತರುವದಿಲ್ಲ.

ಇನ್ನು ನಮ್ಮ ಸೀಮೆಯ ಸಂಗತಿ ಒಂದುಂಟು. 1922ರಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಬಾಲಕನೊಬ್ಬನು ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮರಿಯನ್ನು ಗ್ರಾಮಾಫೋನು ತಟ್ಟೆಯಿಂದ ಕೇಳಿದನು. ಕೇಳಿದವನ ಮನಸ್ಸು ಮತ್ತೆ ಮನೆಯಲ್ಲಿ ನಿಲ್ಲಲಿಲ್ಲ. 1933ರಲ್ಲಿ, ಹನ್ನೊಂದು ವರುಷದವನಾಗಿದ್ದಾಗ, ಗುರುವನ್ನು ಹುಡುಕುವದಕ್ಕಾಗಿ ಮನೆ ಬಿಟ್ಟು ಓಡಿಹೋದನು. ಉತ್ತರ ದೇಶದಲ್ಲೆಲ್ಲಾ ಅಲೆದು, ಕಡೆಯಲ್ಲಿ ತಿರುಗಿ ಬಂದು, ಮನೆಗೆ ಹತ್ತಿರದಲ್ಲಿಯೇ ಇದ್ದ ಕುಂದಗೋಳದಲ್ಲಿ ಅದೇ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಪಾದದಲ್ಲಿ ಕೂತನು. ಆ ಬಾಲಕನೇ ಪಂಡಿತ ಭೀಮಸೇನ ಜೋಶಿಯವರು. ಅವರಿಗೆ 2008ರಲ್ಲಿ ಭಾರತರತ್ನ ಪದವಿಯು ಘೋಷಿತವಾಯಿತು. ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರೂ ಚಿಕ್ಕಂದಿನಲ್ಲಿ ಗ್ರಾಮಾಫೋನಿನ ಧ್ವನಿ ಕಿವಿಗೆ ಬಿದ್ದರೆ ಬೀದಿಗೆ ಓಡುತ್ತಿದ್ದದ್ದನ್ನು ನೆನಸಿ ಹೇಳುತ್ತಿದ್ದರು.

ಈ ಎರಡು ಸಂಗತಿಗಳನ್ನು ಬಲ್ಲವರು ಬಹಳ. ಆದರೆ ತಟ್ಟೆಯನ್ನು ಹಾಕಿದವನು ಯಾರು? ಕೀಲಿ ಕೊಟ್ಟು ತಿರುಗಿಸಿ, ಮುಳ್ಳನ್ನು ಇಟ್ಟವನು? ನಾವು ಕೇಳಿದ ಕಥೆಯಲ್ಲಿ ಅವನಿಗೆ ಹೆಸರಿಲ್ಲ. ತಾನು ಮೆಚ್ಚಿದ್ದನ್ನು ತಾನು ಹಾಕಿದನು. ಹೊರಗೆ ಯಾರು ನಿಂತಿದ್ದಾರೆಂಬದು ಅವನಿಗೆ ಗೊತ್ತಿತ್ತೋ ಇಲ್ಲವೋ. ಕೊಟ್ಟನೆಂದು ಹೇಳಿದರೆ ಅವನೇ ನಕ್ಕಾನು. ಝುಮರಿ ತಿಲೈಯಾದವರ ಹೆಸರು ಗಾಳಿಯಲ್ಲಿ ತುಂಬಿಹೋಯಿತು, ಇವನದು ಉಳಿಯಲೇ ಇಲ್ಲ. ಅದರಿಂದ ಇವನು ಅವರಿಗಿಂತ ಒಳ್ಳೆಯವನೆಂದು ಹೇಳುವದಕ್ಕೂ ನಮಗೆ ಮನಸ್ಸು ಬಾರದು. ಹೆಸರಿಲ್ಲದಿರುವದು ತಾನೇ ಒಂದು ಪುಣ್ಯವಲ್ಲ.

ನಾವು ಅಂಜುವದು ಇವೆರಡಕ್ಕೂ ಅಲ್ಲ, ಮೂರನೇದಕ್ಕೆ. ಅದನ್ನು ನಮ್ಮ ಮೇಲೆ ಬಂದದ್ದರಿಂದಲೇ ಬಲ್ಲೆವು. ಸುಮಾರು ಇಪ್ಪತ್ತು ವರುಷಗಳ ಹಿಂದೆ ನಾವು ಸೆಮಿನೆರಿಯಲ್ಲಿ ಓದುತ್ತಿದ್ದಾಗ, ಜೊತೆಯ ವಿದ್ಯಾರ್ಥಿಯೊಬ್ಬನು, ಹಳ್ಳಿಯವನೂ ಬಡವನೂ ಆದವನು, “ನೀವು ಈಚೆಗೆ ಯಾವ ಸಂಗೀತ ಕೇಳುತ್ತೀರಿ?” ಎಂದು ನಮ್ಮನ್ನು ವಿಚಾರಿಸಿದನು. ಆ ವಾರವೆಲ್ಲಾ ನಾವು ಕೇಳಿದ್ದು ಚಹದ ಅಂಗಡಿಯಲ್ಲಿ ಹಾಕುತ್ತಿದ್ದ ಒಂದು ಸಿನೇಮಾ ಹಾಡು. ಅದಕ್ಕಾಗಿಯೇ ಎರಡನೇ ಲೋಟ ಚಹವನ್ನು ಕುಡಿಯುತ್ತಿದ್ದೆವು. ಹಾಗೆ ಹೇಳಲು ನಾಚಿಕೆಯಾಯಿತು. ಜರ್ಮನಿಯ ಯೋಹಾನ್ ಸೆಬಾಸ್ಟಿಯನ್ ಬಾಖ್ ಎಂಬವರು ಮತ್ತಾಯನ ಸುವಾರ್ತೆಯಲ್ಲಿಯ ಕರ್ತನ ಶ್ರಮೆಯ ವೃತ್ತಾಂತಕ್ಕೆ ರಚಿಸಿದ ದೊಡ್ಡ ಸಂಗೀತವೊಂದಿದೆ. 1727ರಲ್ಲಿ ಮೊದಲು ಹಾಡಿಸಿದ್ದೆಂದು ಹೇಳುತ್ತಾರೆ. ಮುಗಿಯಲು ಎರಡೂವರೆ ತಾಸಿಗಿಂತ ಹೆಚ್ಚು ಹೊತ್ತು ಹಿಡಿಯುವದು. ಅದರ ಹೆಸರನ್ನು ನಾವು ಒಬ್ಬ ಉಪದೇಶಕರ ಬಾಯಿಂದ ಕೇಳಿದ್ದೆವು. ಅದನ್ನೇ ಕೇಳುತ್ತಿದ್ದೇವೆಂದು ಗಂಭೀರವಾಗಿ ಹೇಳಿದೆವು. ನಾವು ಅದರಲ್ಲಿ ಕಾಲು ತಾಸಿನಷ್ಟೂ ಕೇಳಿದವರಲ್ಲ.

ಅವನು ನಮ್ಮ ಮಾತನ್ನು ನಂಬಿ, ಎರಡು ತಿಂಗಳು ಕಾಸಿಗೆ ಕಾಸು ಸೇರಿಸಿ, ಅದರ ಸಿಡಿ ತಟ್ಟೆಗಳನ್ನು ಪಟ್ಟಣದಿಂದ ತರಿಸಿಕೊಂಡನು. ತರಿಸಿದವನು ನಮ್ಮ ಬಳಿಗೆ ಬಂದು, ಕೂಡಿ ಕೇಳೋಣ, ನೀವು ಬಲ್ಲವರು, ಅರ್ಥ ಹೇಳಿಕೊಡಿರಿ ಎಂದನು. ಆ ದಿವಸದ ನಮ್ಮ ಮುಖವನ್ನು ನಾವು ನೋಡಲಿಲ್ಲ; ಹೇಗಿತ್ತೆಂದು ಊಹಿಸಬಲ್ಲೆವು. ಪರೀಕ್ಷೆಯ ನೆವವನ್ನು ಹೇಳಿ ತಪ್ಪಿಸಿಕೊಂಡೆವು. ಅವನು ಒಬ್ಬನೇ ಕೇಳಿದನು. ಭಾಷೆ ತಿಳಿಯದೆ, ಕನ್ನಡ ಸುವಾರ್ತೆಯನ್ನು ಮಡಿಲಲ್ಲಿ ಬಿಚ್ಚಿಟ್ಟುಕೊಂಡು, ಇಲ್ಲಿ ಪೇತ್ರನು ಅಳುವನೇನೋ, ಇಲ್ಲಿ ಪಿಲಾತನು ಕೈತೊಳೆಯುವನೇನೋ ಎಂದು ವಚನ ವಚನವಾಗಿ ಹೊಂದಿಸಿಕೊಳ್ಳುತ್ತಾ ಕೇಳಿದನು. ಅದು ಅವನ ಪ್ರಾಣಕ್ಕೆ ಅಂಟಿಕೊಂಡಿತು. ವರುಷ ತುಂಬುವದರೊಳಗೆ ಅವನು ಅದರ ಭಾಗಗಳನ್ನು ಸಿಳ್ಳು ಹಾಕುತ್ತಾ ನೀರು ಸೇದುತ್ತಿದ್ದನು. ಓದು ಮುಗಿದು ಅಗಲುವ ದಿವಸ ನಮ್ಮ ಕೈ ಹಿಡುಕೊಂಡು, ನೀವು ನನಗೆ ಕೊಟ್ಟದ್ದನ್ನು ಯಾರೂ ಕೊಡಲಿಲ್ಲ ಎಂದನು.

ವಾಚಕರೇ, ಈ ಉಪಕಾರಸ್ತುತಿಯನ್ನು ನಾವು ಏನು ಮಾಡೋಣ? ನಮ್ಮ ಸುಳ್ಳಿನಿಂದ ಅವನಿಗೆ ಒಳ್ಳೇದಾಯಿತು. ನಿಜವನ್ನೇ ಹೇಳಿದ್ದರೆ ಚಹದ ಅಂಗಡಿಯ ಹಾಡೊಂದು ಅವನಿಗೆ ಸಿಕ್ಕುತ್ತಿತ್ತು, ಅಷ್ಟೇ. ಆದರೂ ನಾವು ಕೊಟ್ಟವರಲ್ಲ. ನಮ್ಮಲ್ಲಿಲ್ಲದ್ದನ್ನು ನಮ್ಮದೆಂದು ತೋರಿಸಿದೆವು. ಹಾಡಿನ ಮೂಲಕ ಹೆಸರನ್ನು ಬಯಸಿದೆವು, ಅದೂ ಕೇಳದ ಹಾಡಿನ ಮೂಲಕ. ಝುಮರಿ ತಿಲೈಯಾದ ಕಾರ್ಡಿನಲ್ಲಿ ಹೆಸರು ಬರೆದವನು ಕಡೇಪಕ್ಷ ಆ ಹಾಡನ್ನು ಪ್ರೀತಿಸಿದವನಾಗಿದ್ದನು. ಈ ಹೊತ್ತು ಫೋನಿನಲ್ಲಿ ತನ್ನ ಹಾಡನ್ನು ತೋರಿಸುವ ಹುಡುಗನನ್ನು ಕಂಡಾಗ ನಾವು ಗೊಣಗುವವರ ಸಂಗಡ ಸೇರದೆ ಇರುವದು ಇದರಿಂದಲೇ. ಅವನು ತೋರಿಸುವದನ್ನು ನಿಜವಾಗಿಯೂ ಕೇಳುತ್ತಿದ್ದರೆ ನಮಗಿಂತ ಮೇಲು.

ಗೀತಮಾಲೆಯು 1989ರಲ್ಲಿ ವಿವಿಧ ಭಾರತಿಗೆ ಬಂದು, ಕೆಲವು ವರುಷ ನಡೆದು ನಿಂತುಹೋಯಿತು. ಅಮೀನ್ ಸಯಾನಿಯವರು 2024ರ ಫೆಬ್ರವರಿಯಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ಸ್ವಲ್ಪ ಕಾಲದ ಮೇಲೆ ನಮ್ಮ ಹಳೇ ಜೊತೆಗಾರನು ಒಂದು ಮದುವೆಯಲ್ಲಿ ಸಿಕ್ಕಿದನು. ಅವನಿಗೂ ಈಗ ತಲೆ ನರೆತಿದೆ. ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕೂತು, ಮೊದಲಿನಂತೆಯೇ, “ಈಗ ಏನು ಕೇಳುತ್ತೀರಿ?” ಎಂದನು. ನಾವು ಹಳೇ ತಪ್ಪನ್ನು ಅವನಿಗೆ ಹೇಳಿದೆವು. ಚಹದ ಅಂಗಡಿಯ ಹಾಡಿನ ಸಂಗತಿಯನ್ನೂ ಹೇಳಿದೆವು. ಇಂದಿಗೂ ಅದನ್ನೇ ಕೇಳುತ್ತೇವೆಂದೂ ಹೇಳಿದೆವು. ಅವನು ಕೈಯಲ್ಲಿದ್ದ ತುತ್ತನ್ನು ಎಲೆಯ ಮೇಲೆ ಇಟ್ಟು ಬಹಳ ಹೊತ್ತು ನಕ್ಕನು. ತರುವಾಯ ಆ ಹಾಡು ಯಾವ ಸಿನೇಮಾದ್ದೆಂದು ಕೇಳಿ, ಎಡಗೈಯಿಂದ ಜೇಬಿನಲ್ಲಿದ್ದ ಲೇಖನಿಯನ್ನು ತೆಗೆದು, ಮದುವೆಯ ಕರೆಯೋಲೆಯ ಹಿಂದುಗಡೆ ಬರೆದುಕೊಂಡನು.